ಸ್ಟಾರ್ ಚಾರ್ಟ್ ತೆಗೆದ್ಮೇಲೆ ನಮ್ಮ ಕ್ಲಾಸಲ್ಲಿ ಆಗಿದ್ದು

ನಂದು ಜಗಳೂರು ಕಡೆ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ಕ್ಲಾಸು ನಲಿ-ಕಲಿ, ಅಂದ್ರೆ ಮೂರೂ ಕ್ಲಾಸಿನ ಮಕ್ಳು ಒಂದೇ ರೂಮಲ್ಲಿ ಗುಂಪು ಗುಂಪಾಗಿ ಕೂತಿರ್ತಾವೆ, ಹೊಸಬ್ರು ಬಂದು ನೋಡಿದ್ರೆ ಸಂತೆ ಅನ್ಕೋಬೇಕು. ಆ ಗದ್ದಲ ನಂಗೆ ಅಭ್ಯಾಸ ಆಗೋಗಿದೆ. ತಲೆನೋವಾಗಿದ್ದು ಹೊಡೆದಾಟ.

ಮೊದ್ಲು ಎಲ್ರ ಹಾಗೆ ನಾನೂ ಸ್ಟಾರ್ ಚಾರ್ಟ್ ಹಾಕ್ದೆ. ಒಳ್ಳೆ ಮಕ್ಳಿಗೆ ಸ್ಟಾರ್. ಒಂದು ವಾರ ಚೆನ್ನಾಗಿತ್ತು, ಆಮೇಲೆ ಬರೀ ಚಾಡಿ, "ಮಿಸ್ ಇವ್ನು ಅಂದ, ಮಿಸ್ ಇವ್ಳು ತಳ್ಳಿದ್ಲು". ಒಂದೂ ಸ್ಟಾರ್ ಸಿಗದ ಮೂರನೇ ಕ್ಲಾಸಿನ ಹುಡುಗ ಒಂದಿನ ಚಾರ್ಟನ್ನೇ ಹರಿದು ಹಾಕ್ಬಿಟ್ಟ. ನಾನು ಎಲ್ರ ಮುಂದೆ ಬಾಯಿಗೆ ಬಂದಂಗೆ ಬೈದೆ. ಅವನು ಅಳಲಿಲ್ಲ, ಗೋಡೆ ನೋಡ್ಕೊಂಡು ನಿಂತ. ಮಾರನೇ ದಿನ ಎಲ್ರ ಮುಂದೇನೇ ತಪ್ಪಾಯ್ತಪ್ಪ ಅಂದೆ, ಚಾರ್ಟ್ ಮತ್ತೆ ಅಂಟಿಸ್ಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ಕಲ್ಲಿ ಜಗಳ ಎಲ್ಲಿ, ಎಷ್ಟೊತ್ತಿಗೆ ಅಂತ ಅಷ್ಟೇ ಬರೆದಿಟ್ಟೆ, ಯಾರು ಅಂತ ಬರೀಲಿಲ್ಲ. ನೋಡಿದ್ರೆ ಮುಕ್ಕಾಲು ಪಾಲು ಬಿಸಿಯೂಟ ಆದ್ಮೇಲೆ ನಲ್ಲಿ ಹತ್ರ! ಮೂರು ನಲ್ಲೀಲಿ ನೀರು ಬರ್ತಿದ್ದಿದ್ದು ಒಂದ್ರಲ್ಲಿ, ಎಲ್ರೂ ಒಟ್ಟಿಗೇ ತಟ್ಟೆ ಹಿಡ್ಕೊಂಡು ನುಗ್ಗೋರು. ಇದ್ರಲ್ಲಿ ಮಕ್ಳ ನಡತೆ ಏನ್ ಬಂತು, ಬಸ್ ಸ್ಟ್ಯಾಂಡಲ್ಲಿ ನಾವು ದೊಡ್ಡೋರು ಇನ್ನೇನ್ ಮಾಡ್ತೀವಿ? ಎರಡು ಬಕೆಟ್ ನೀರು ತುಂಬ್ಸಿಟ್ವಿ, ಚಿಕ್ಕೋರು ಮೊದ್ಲು ಅಂತ ಮಕ್ಳೇ ಮಾತಾಡ್ಕೊಂಡ್ರು. ಜಗಳ ಅರ್ಧಕ್ಕರ್ಧ ಅಲ್ಲೇ ನಿಂತೋಯ್ತು.

ಆ ಹುಡುಗಂದೇ ಬೇರೆ ಕಥೆ. ಅಪ್ಪ ಅಮ್ಮ ಬೆಂಗ್ಳೂರಲ್ಲಿ ಗಾರೆ ಕೆಲ್ಸ, ಇವನು ಅಜ್ಜಿ ಜೊತೆ. ಬೆಳಿಗ್ಗೆ ಕ್ಷೀರ ಭಾಗ್ಯದ ಹಾಲಿಗೆ ಲೋಟ ಜೋಡ್ಸೋ ಕೆಲ್ಸ ಅವನಿಗೆ ಕೊಟ್ಟೆ, ದಿನಾ ಬಾಗ್ಲಲ್ಲಿ ನಿಂತು ಹೆಸ್ರು ಹಿಡಿದು ಕರ್ದು ಏನ್ ತಿಂದ್ಯೋ ಅಂತ ಕೇಳೋದು, ಅಷ್ಟೇ. ಸಂಜೆ ಒಂದಿನ ಮನೆಗೆ ಹೋದ್ರೆ ಅಜ್ಜಿ ನನ್ನ ನೋಡಿದ್ದೇ ತಡ, "ಏನ್ ಮಾಡಿದ್ನೋ ಮತ್ತೆ, ನಾಲ್ಕು ಬಿಗೀರಿ ಮೇಡಮ್ಮೋರೆ" ಅಂದ್ರು. 2009ರ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಬಂದು ಇಷ್ಟು ವರ್ಷ ಆದ್ರೂ, 17ನೇ ಸೆಕ್ಷನ್ ಹೊಡೀಬಾರ್ದು ಅಂದ್ರೂ, ಊರಲ್ಲಿ ಹೊಡೆಯೋ ಟೀಚರ್ರೇ ಒಳ್ಳೆ ಟೀಚರ್ರು. "ಇಲ್ಲಮ್ಮ, ಇವತ್ತು ಒಂದು ತೊಟ್ಟೂ ಚೆಲ್ದಂಗೆ ಹಾಲು ಹಂಚ್ದ, ಅದನ್ನ ಹೇಳೋಣ ಅಂತ ಬಂದೆ" ಅಂದೆ. ಅಜ್ಜಿ ನಂಬ್ಲಿಲ್ಲ. ಅದಕ್ಕೇ ಬಂದ್ರಾ, ಅಂತ ಎರಡು ಸಲ ಕೇಳಿದ್ರು. ಹುಡುಗ ಬಾಗ್ಲು ಹಿಂದೆ ನಿಂತು ಕೇಳಿಸ್ಕೊತಿದ್ದ, ಕಾಲು ಕಾಣ್ತಿತ್ತು.

ಈಗ ಜಗಳಾನೇ ಇಲ್ಲ ಅಂತಲ್ಲ. ಮೊನ್ನೆ ಅದೇ ಹುಡುಗ ಓಡಿ ಬಂದು, "ಮಿಸ್, ಮೊದ್ಲು ಹೊಡ್ದಿದ್ದು ನಾನೇ, ಆದ್ರೆ ಅವ್ನು ಜೋರಾಗಿ ಹೊಡ್ದ" ಅಂದ.