ದಾಸವಾಳಕ್ಕೂ ಕಸಿಯೇ?

"ಕಡ್ಡಿ ಊರಿದರೆ ಬರುವ ದಾಸವಾಳಕ್ಕೆ ಯಾರಾದರೂ ಕಸಿ ಕಟ್ಟುವುದುಂಟೇ ಮಾರಾಯರೇ?" ಎಂದು ನಕ್ಕವರಲ್ಲಿ ಇಬ್ಬರು ಈ ವರ್ಷ ನನ್ನ ಅಂಗಳದಿಂದಲೇ ಗಿಡ ಒಯ್ದಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಬೇಲಿಯ ಕೆಂಪು ದಾಸವಾಳದ ಮಾತು ಬೇರೆ. ನನ್ನ ಹುಚ್ಚು ಅಂಗೈ ಮೀರಿ ಅರಳುವ, ನಡುವಿಗೊಂದು ಅಂಚಿಗೊಂದು ಬಣ್ಣದ ಹೈಬ್ರಿಡ್ ತಳಿಗಳದ್ದು. 6 ವರ್ಷದ ಹಿಂದೆ ಹೊರರಾಜ್ಯದಿಂದ 18 ಗಿಡ ತರಿಸಿದೆ. ಒಂದಕ್ಕೆ ಸುಮಾರು ₹300, ಸಾಗಾಟ ಬೇರೆ. ಪುತ್ತೂರಿನ ಮಳೆ ಗೊತ್ತಲ್ಲ. ಆಟಿ (ತುಳುವರ ಮಳೆಗಾಲದ ತಿಂಗಳು) ಕಳೆಯುವಷ್ಟರಲ್ಲಿ 14 ಹೋದವು. ಕಿತ್ತು ನೋಡಿದರೆ ಬೇರಿನ ಸಿಪ್ಪೆ ಕೈಗೆ ಜಾರಿ ಬಂದು, ಒಳಗೆ ನಾರಷ್ಟೇ ಉಳಿದಿತ್ತು. ಮಿಕ್ಕವುಗಳಿಂದ 40 ಕಡ್ಡಿ ಊರಿದೆ. ಚಿಗುರಿದ್ದು ಹತ್ತೋ ಹನ್ನೊಂದೋ, ಬೇರು ಬಿಟ್ಟದ್ದು ಮೂರು. ಅದೇ ಮಳೆಯಲ್ಲಿ ಬೇಲಿಯ ಕೆಂಪು ದಾಸವಾಳ ಹಾಯಾಗಿ ನಿಂತಿತ್ತು.

ಗೇರಿಗೆ ಮೃದುಕಾಂಡ ಕಸಿ (ಎಳೆ ಕಾಂಡ ಸೀಳಿ ಬೇರೆ ಗಿಡದ ಕಡ್ಡಿ ಕೂರಿಸುವುದು) ಕಟ್ಟಿ ಪಳಗಿದ ಕೈ ನನ್ನದು. ಅದೇ ಚಾಕು, ಅದೇ ಟೇಪು, ಕೆಳಗೆ ಬೇರು ಕೊಡುವ ಬೇರುಸಸಿಯಾಗಿ ಬೇಲಿ ದಾಸವಾಳ, ಮೇಲೆ ಹೈಬ್ರಿಡ್ ಕಡ್ಡಿ. ಮೊದಲ ವರ್ಷ 30ರಲ್ಲಿ ಎರಡು ಹಿಡಿದವು! ಗೇರಿನಂತೆಯೇ ಮಳೆಗಾಲದಲ್ಲಿ ಕಟ್ಟಿದ್ದೆ. ಒಣಗದಂತೆ ಮೇಲೆ ತೊಡಿಸಿದ್ದ ಐಸ್‌ಕ್ಯಾಂಡಿಯ ಪ್ಲಾಸ್ಟಿಕ್ ತೊಟ್ಟೆಯೊಳಗೆ ಕಡ್ಡಿಗಳು ಬೂಸ್ಟು ಹಿಡಿದು ಕಪ್ಪಾದವು. ಮತ್ತೆ ಆ ಲೋಳೆ. ಕೊಯ್ದ ಕ್ಷಣದಲ್ಲೇ ಗಾಯ ಲೋಳೆಯಾಗಿ ಕಡ್ಡಿ ಸೀಳಿನಿಂದ ಜಾರುತ್ತದೆ. ಅದಕ್ಕೆ ನಾನೇನು ಮಾಡುತ್ತೇನೆಂದು ಮಾತ್ರ ಕೇಳಬೇಡಿ, ನಾಲ್ಕೈದು ಸಾವಿರ ಕಳೆದುಕೊಂಡು ಕಲಿತ ವಿದ್ಯೆ ಅದು. ಈಗ ಕಟ್ಟುವುದು ನವರಾತ್ರಿ ಕಳೆದ ಮೇಲೆ. ಪೆನ್ಸಿಲ್ ದಪ್ಪದ ಕಡ್ಡಿ, ಎಲೆ ಕತ್ತರಿಸಿ ತೊಟ್ಟು ಉಳಿಸಿರಬೇಕು. ಕೆಲವು ದಿನ ಬಿಟ್ಟು ಮುಟ್ಟಿದಾಗ ತೊಟ್ಟು ತಾನಾಗಿ ಕಳಚಿದರೆ ಕಸಿ ಹಿಡಿಯಿತೆಂದೇ ಲೆಕ್ಕ; ಒಣಗಿ ಅಂಟಿಕೊಂಡಿದ್ದರೆ ಕಡ್ಡಿ ಸತ್ತಿದೆ. ಹತ್ತರಲ್ಲಿ ಏಳು ಈಗ ಖಂಡಿತ.

ಒಂದೇ ಬುಡಕ್ಕೆ ಹಳದಿ, ಬಿಳಿ, ಕಿತ್ತಳೆ ಮೂರನ್ನೂ ಕಟ್ಟಿ ನೋಡಿದೆ. ಎರಡನೇ ವರ್ಷಕ್ಕೆ ಹಳದಿ ರಟ್ಟೆ ಬಲಿತು ಉಳಿದೆರಡನ್ನು ಸೊರಗಿಸಿತು. ನೆಂಟರಿಗೆ ತೋರಿಸಲು ಚೆಂದ, ಮಾರಾಟಕ್ಕಲ್ಲ. ಕಿತ್ತಳೆಯದ್ದು ಇನ್ನೊಂದು ಕಥೆ: ಡಿಸೆಂಬರ್ ಚಳಿಗೆ ಗಾಢ, ಮಾರ್ಚ್ ಬಿಸಿಲಿಗೆ ಪೇಲವ. "ನೀವು ಕೊಟ್ಟದ್ದು ಬೇರೆಯೇ ಗಿಡ" ಎಂಬ ದೂರು ಪ್ರತಿ ಬೇಸಿಗೆಗೂ ಇದ್ದದ್ದೇ.

ಒಂದು ದೂರು ಮಾತ್ರ ನಿಜವಾಗಿತ್ತು. ₹250ಕ್ಕೆ ಗಿಡ ಒಯ್ದಿದ್ದ ಅಕ್ಕ ಒಬ್ಬರು ಮರುವರ್ಷ ಫೋಟೊ ಕಳಿಸಿದರು: ಗಿಡದ ತುಂಬ ಬೇಲಿಯ ಕೆಂಪು ಹೂ! ಕಸಿಯ ಕೆಳಗಿನ ಚಿಗುರು ಚಿವುಟಬೇಕೆಂದು ಹೇಳಲು ಮರೆತಿದ್ದೆ. ಹಣ ಹಿಡಿದುಕೊಂಡು ಹೋದರೆ, "ಗಣಪತಿಗೆ ಇದೇ ಆಗುತ್ತದೆ, ಇರಲಿ" ಎಂದರು. ಬಿಳಿಯದ್ದೊಂದು ಕಸಿಗಿಡ ಕೊಟ್ಟು ಬಂದೆ, ಈ ಸಲ ಕಸಿಯ ಗಂಟಿಗೆ ಕೆಂಪು ದಾರ ಕಟ್ಟಿ.