ಕಿಟಕಿಗಿಟ್ಟ ಉಚ್ಚೆ ಬಾಟಲಿಯಲ್ಲಿ ಸಿಕ್ಕಿದ ಪೋರ್ಫೈರಿಯಾ: ನನ್ನ ಅನುಭವ

"ಪುಸ್ತಕದ ಕಾಯಿಲೆ ಹುಡುಕ್ತಾ ಕೂತಿದ್ದಾರೆ" ಎಂದು ನನ್ನ ಬೆನ್ನ ಹಿಂದೆ ನಕ್ಕವರಲ್ಲಿ ನಮ್ಮ ಸರ್ಜನ್ ಕೂಡ ಒಬ್ಬರು. ಈಗ ಹೊಟ್ಟೆನೋವಿನ ಕೇಸ್ ಬಂದು ಸ್ಕ್ಯಾನ್ ನಾರ್ಮಲ್ ಇದ್ದರೆ ಅವರೇ ಫೋನ್ ಮಾಡುತ್ತಾರೆ, "ನಿಮ್ಮ ಕಿಟಕೀಲಿ ಜಾಗ ಇದೆಯಾ?" ಅಂತ. ಅದಕ್ಕೇ ಬರೆಯುತ್ತಿದ್ದೇನೆ. ಪೋರ್ಫೈರಿಯಾ ಅಂದರೆ ರಕ್ತಕ್ಕೆ ಕೆಂಪು ಕೊಡುವ ಹೀಮ್ ತಯಾರಾಗುವ ದಾರಿಯಲ್ಲಿ ತೊಡಕಾಗಿ, ಅರೆಬರೆ ತಯಾರಾದ ವಸ್ತುಗಳು ಮೈಯಲ್ಲಿ ತುಂಬಿಕೊಳ್ಳುವ ಅಪರೂಪದ ಕಾಯಿಲೆ.

ಹುಡುಗಿಗೆ 26ರ ಆಸುಪಾಸು. ತಾಲ್ಲೂಕು ಊರಿನ ನಮ್ಮ ಆಸ್ಪತ್ರೆಗೆ ಬರುವಷ್ಟರಲ್ಲಿ ಮನೆಯವರು ಎರಡೂವರೆ ಮೂರು ಲಕ್ಷ ಕಳೆದಿದ್ದರು. ಅಪೆಂಡಿಕ್ಸ್ ತೆಗೆಸಿಯಾಗಿತ್ತು, ಅದರಲ್ಲಿ ಏನೂ ಇರಲಿಲ್ಲ. ಎಂಡೋಸ್ಕೋಪಿ ಎರಡು ಸಲ, ಸಿಟಿ ಸ್ಕ್ಯಾನ್ ಮೂರು ಸಲ. ನೋವಿಗೆ ಹೊರಳಾಡುತ್ತಾಳೆ, ಮುಟ್ಟಿ ನೋಡಿದರೆ ಹೊಟ್ಟೆ ಮೆತ್ತಗೇ ಇದೆ. ಹಾಗಾಗಿ "ನಾಟಕ". ರಾತ್ರಿ ಗೋಡೆ ಜೊತೆ ಮಾತಾಡಲು ಶುರು ಮಾಡಿದ ಮೇಲೆ "ಹಿಸ್ಟೀರಿಯಾ". ಊರಿನವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದರು. ಬಿಡಿ, ನಮ್ಮ ಸಿಟಿ ಸ್ಕ್ಯಾನ್‌ಗಿಂತ ಅದು ಅಗ್ಗ.

ನನ್ನನ್ನು ತಡೆದು ನಿಲ್ಲಿಸಿದ್ದು ಪಲ್ಸ್. ಜ್ವರ ಇಲ್ಲ, ಪಲ್ಸ್ ಮಾತ್ರ 130. ರಕ್ತದ ಸೋಡಿಯಂ 118, ತೀರಾ ಕಡಿಮೆ. ನಾಟಕ ಆಡಿ ಸೋಡಿಯಂ ಇಳಿಸೋಕಾಗುತ್ತಾ?

ಆದರೆ ಮೊದಲ ತಪ್ಪು ನನ್ನದೇ. ಫಿಟ್ಸ್ ಬಂತು, ಕೈಗೆ ಸಿಕ್ಕ ಫೆನಿಟಾಯಿನ್ ಏರಿಸಿದೆ. ಎರಡೇ ದಿನಕ್ಕೆ ನೀರಿನ ಲೋಟ ಎತ್ತಲಾಗದ ಹಾಗೆ ಅವಳ ಕೈ ಸೋತವು. ಆಗ ಪೋರ್ಫೈರಿಯಾ ನೆನಪಾಯಿತು. 1889ರಲ್ಲಿ ಡಚ್ ವೈದ್ಯ ಸ್ಟಾಕ್ವಿಸ್ ವರದಿ ಮಾಡಿದ್ದೂ ಇಂಥದ್ದನ್ನೇ: ನಿದ್ದೆಗೆಂದು ಕೊಟ್ಟ ಸಲ್ಫೋನಲ್, ಆಮೇಲೆ ಕಡುಗೆಂಪು ಉಚ್ಚೆ. ಔಷಧಿಯೇ ಬೆಂಕಿ ಹಚ್ಚುವ ಕಾಯಿಲೆ ಇದು. ತಾಯಿಯನ್ನು ಕೂರಿಸಿಕೊಂಡು ಕೇಳಿದೆ. ಪ್ರತಿ ಸಲವೂ ನೋವು ಮುಟ್ಟಿನ ಹಿಂದಿನ ವಾರದಲ್ಲಿ. ಜೋರಾಗಿ ಬಂದ ಎರಡು ಸಲವೂ ಹರಕೆಯ ಉಪವಾಸ ಮಾಡಿದ್ದಳು. 

ಈ ಕಾಯಿಲೆಯಲ್ಲಿ ಉಚ್ಚೆ ಬೆಳಕಿಗಿಟ್ಟರೆ ಕಡುಗೆಂಪಾಗುತ್ತದೆ. ಹಾಗಾಗಿ ಅದನ್ನು ಬಿಳಿ ಗಾಜಿನ ಬಾಟಲಿಯಲ್ಲಿ ಹಿಡಿದು ಕಿಟಕಿಗಿಟ್ಟೆವು. ಮೊದಲನೆಯದನ್ನು ಆಯಾ ಚೆಲ್ಲಿಬಿಟ್ಟಳು. ಎರಡನೆಯದನ್ನು ಇಟ್ಟಾಗ ಹೋಲಿಕೆಗೆ ಲ್ಯಾಬ್ ಹುಡುಗ ತನ್ನದೂ ಪಕ್ಕದಲ್ಲಿಟ್ಟ. ಅವನದೇ ಕೆಂಪು! ರಾತ್ರಿ ಬೀಟ್‌ರೂಟ್ ಪಲ್ಯ ತಿಂದಿದ್ದನಂತೆ. ವಾರವಿಡೀ ಅದೇ ನಗೆ. ಅವಳದು ಬೆಳಿಗ್ಗೆ ಚಹಾ ಬಣ್ಣ ಇದ್ದದ್ದು, ಮಧ್ಯಾಹ್ನ ಮೂರರ ಹೊತ್ತಿಗೆ ಹುಣಸೆ ರಸ, ಸಂಜೆಗೆ ನೇರಳೆ ಹಣ್ಣು ಹಿಂಡಿದ ಹಾಗೆ. "ಡಾಕ್ಟ್ರೇ, ಜಾತಕ ನೋಡಿದಂಗೆ ಉಚ್ಚೆ ನೋಡ್ತೀರಲ್ಲ" ಎಂದರು ಅವಳ ತಾಯಿ.

ಬಣ್ಣವೊಂದೇ ಸಾಲದು. ಈ ಕಾಯಿಲೆಯಲ್ಲಿ ಉಚ್ಚೆಯಲ್ಲಿ ಹೆಚ್ಚಾಗುವ ಪಿಬಿಜಿ (ಪೋರ್ಫೋಬಿಲಿನೋಜನ್) ಇದೆಯೇ ಎಂದು ಏರ್ಲಿಕ್ ರೀಏಜೆಂಟ್ ಎಂಬ ದ್ರಾವಣ ಹಾಕಿ ನೋಡಬೇಕು. ಕಪಾಟಿನಲ್ಲಿದ್ದ ಏರ್ಲಿಕ್ ರೀಏಜೆಂಟ್ ಯಾವ ಕಾಲದ್ದೋ, ಹಳದಿ ತಿರುಗಿತ್ತು. ಹಾಕಿದರೆ ಏನೂ ಆಗಲಿಲ್ಲ. ಪುಡಿ ತರಿಸಿ ಹೊಸದಾಗಿ ಮಾಡಿದೆವು. 25 ಗ್ರಾಂಗೆ ಎಂಟುನೂರೋ ಒಂಬೈನೂರೋ ಆಯಿತು. ಹಾಕಿದ ಕೂಡಲೇ ದಾಸವಾಳದ ಬಣ್ಣ. ಕ್ಲೋರೋಫಾರ್ಮ್ ಹಾಕಿ ಕುಲುಕಿದೆವು. ಇದೇ ಬಣ್ಣ ಕೊಡುವ, ಎಲ್ಲರ ಉಚ್ಚೆಯಲ್ಲೂ ಇರುವ ಯುರೋಬಿಲಿನೋಜನ್ ಆಗಿದ್ದರೆ ಬಣ್ಣ ಕೆಳಗಿಳಿಯಬೇಕಿತ್ತು. ಇದು ಮೇಲೆ ನೀರಲ್ಲೇ ನಿಂತಿತು. ಸೋಡಿಯಂ ಅಸಿಟೇಟ್ ಮಾತ್ರ ಮರೆಯಬೇಡಿ. ಅಳತೆ ನಮ್ಮ ಲ್ಯಾಬಿನ ಗುಟ್ಟು.

ಖಾತ್ರಿಗೆ ಬೆಂಗಳೂರಿಗೆ ಕಳಿಸಿದ ಮೊದಲ ಸ್ಯಾಂಪಲ್ ನಾರ್ಮಲ್ ಎಂದು ಬಂತು. ಸರ್ಜನ್ ಮುಖ ನೋಡಬೇಕಿತ್ತು! ತಪ್ಪು ನಮ್ಮದು. ಬರೀ ಬಾಟಲಿ, ಬಸ್ಸಿನ ಕಿಟಕಿ ಪಕ್ಕ ಹೋಗಿತ್ತು. ಬೆಳಕು ಬಿದ್ದರೆ ಪಿಬಿಜಿ ಉಳಿಯುವುದಿಲ್ಲ. ಕಿಟಕಿಗಿಟ್ಟು ಬಣ್ಣ ನೋಡುವ ಬಾಟಲಿ ಬೇರೆ, ಅಳೆಯಲು ಕಳಿಸುವ ಬಾಟಲಿ ಬೇರೆ. ಇದನ್ನು ಕಲಿಯಲು ನಾಲ್ಕು ಸಾವಿರ ದಂಡ. ಎರಡನೆಯದನ್ನು ಕಾರ್ಬನ್ ಪೇಪರ್ ಸುತ್ತಿ ಐಸಿನಲ್ಲಿಟ್ಟು ಕಳಿಸಿದೆ. ನಾರ್ಮಲ್‌ಗಿಂತ ಇಪ್ಪತ್ತು ಪಟ್ಟೋ ಏನೋ ಜಾಸ್ತಿ ಬಂತು.

ರಿಪೋರ್ಟಿಗೆ ಕಾಯುತ್ತಾ ಕೂರಲಿಲ್ಲ. ಫೆನಿಟಾಯಿನ್ ಅವತ್ತೇ ನಿಲ್ಲಿಸಿದ್ದೆ. ಇದರ ದುಬಾರಿ ಔಷಧಿ ಹೀಮಿನ್ ಕೊಡಿಸುವ ಶಕ್ತಿ ಮನೆಯವರಿಗಿರಲಿಲ್ಲ. ಬದಲಿಗೆ ಡೆಕ್ಸ್ಟ್ರೋಸ್ (ಗ್ಲೂಕೋಸ್) ದಿನಕ್ಕೆ 300 ಗ್ರಾಂ ಕೊಟ್ಟೆ. ಸೋಡಿಯಂ ಕಡಿಮೆ ಇದ್ದಾಗ ಲೀಟರ್‌ಗಟ್ಟಲೆ ನೀರು ಹೋಗಬಾರದು. ಹಾಗಾಗಿ ಶೇ 25ರದ್ದು, ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನಿನಲ್ಲಿ. ಗಲಾಟೆಗೆ ಕ್ಲೋರ್‌ಪ್ರೊಮಜೈನ್. ಐದನೇ ದಿನ ಅನ್ನ ಸಾರು ಕೇಳಿದಳು. ಕೈಗೆ ಬಲ ಬರಲು ಮಾತ್ರ ಏಳೆಂಟು ತಿಂಗಳೇ ಬೇಕಾಯಿತು. ಹರಕೆ ಉಪವಾಸವನ್ನು ಈಗ ಗಂಡ ಮಾಡುತ್ತಾನೆ.

ಆಮೇಲೆ ಹುಚ್ಚು ಹಿಡಿದು ಸುಮಾರು 40 ಬಾಟಲಿ ಇಟ್ಟಿದ್ದೇನೆ. ಇನ್ನೊಂದು ಪೋರ್ಫೈರಿಯಾ ಸಿಕ್ಕಿತು, ಇವಳ ತಂಗಿಯದೇ. ಬೆನ್ನುನೋವಿನ ಒಬ್ಬ ಅಜ್ಜನದು ಕೆಂಪಾಗದೆ ಕಪ್ಪಾಯಿತು. ಕಿವಿ ನೋಡಿದರೆ ನೀಲಿ ಛಾಯೆ: ಅಲ್ಕಾಪ್ಟೋನೂರಿಯಾ, ಉಚ್ಚೆ ಕಪ್ಪಾಗುವ ಇನ್ನೊಂದು ಅಪರೂಪದ ಹುಟ್ಟುಕಾಯಿಲೆ. ಅದಕ್ಕೆ ಬಲೆ ಹಾಕಿರಲಿಲ್ಲ, ತಾನಾಗಿ ಬಿತ್ತು. ಉಳಿದವೆಲ್ಲ ಸುಮ್ನೆ ಉಚ್ಚೆ. ಕಿಟಕಿಗೆ ಈಗ ಆಯಾ ತಾನೇ ಬರೆದು ಅಂಟಿಸಿದ ಚೀಟಿ ಇದೆ: "ಚೆಲ್ಲಬೇಡಿ, ಡಾಕ್ಟ್ರದು."