1.3, 1.5, 2.0: ಮನೆಯ ಚೇಂಬರ್‌ಗೆ ನಾನು ಒತ್ತಡ ಆರಿಸಿದ ಬಗೆ

ಮನೆಗೆ ಹೈಪರ್‌ಬೇರಿಕ್ ಚೇಂಬರ್ (ಒಳಗೆ ಕುಳಿತು ಅಥವಾ ಮಲಗಿ, ಹೊರಗಿಗಿಂತ ಹೆಚ್ಚು ಒತ್ತಡದ ಗಾಳಿ ಉಸಿರಾಡುವ ಪೆಟ್ಟಿಗೆ ಅಥವಾ ಚೀಲ) ಕೊಳ್ಳಲು ಹೊರಟರೆ ಮೊದಲು ಎದುರಾಗುವುದು ಒತ್ತಡದ ಮೂರು ಅಂಕಿಗಳು: 1.3, 1.5, 2.0. ಮಾರುವವರ ಮಾತಿನಲ್ಲಿ ಇವು ಒಂದೇ ಏಣಿಯ ಮೆಟ್ಟಿಲುಗಳು. ಮೇಲೆ ಹತ್ತಿದಷ್ಟೂ ಲಾಭ ಹೆಚ್ಚು, ಬೆಲೆಯೂ ಹೆಚ್ಚು. ನಾನು ವರ್ಷಗಟ್ಟಲೆ ಕಾರ್ಖಾನೆಯಲ್ಲಿ ಕಂಪ್ರೆಸರ್, ಬಾಯ್ಲರ್‌ಗಳ ನಿರ್ವಹಣೆ ನೋಡಿಕೊಂಡವನು. ಒತ್ತಡದ ಟ್ಯಾಂಕಿನ ಹೊರಗೆ ನಿಂತು ಗೊತ್ತಿತ್ತೇ ಹೊರತು ಒಳಗೆ ಹೋಗಿ ಮಲಗಿ ಗೊತ್ತಿರಲಿಲ್ಲ. ನನಗೆ ಯಾವ ಕಾಯಿಲೆಯೂ ಇರಲಿಲ್ಲ. ದೂರದ ಓಟದ ಅಭ್ಯಾಸವಿದೆ, ಓಡಿದ ಮರುದಿನದ ಆಯಾಸ ಸ್ವಲ್ಪ ತಗ್ಗಿದರೆ ಸಾಕು ಎಂಬಷ್ಟೇ ಆಸೆ. ಈ ಉದ್ದೇಶ ಮೊದಲೇ ಸ್ಪಷ್ಟವಾಗಿದ್ದದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಮೊದಲು ಅಳತೆಯ ವಿಷಯ. ಈ ಅಂಕಿಗಳ ಮಾನ ಎಟಿಎ. ಎಟಿಎ ಅಂದರೆ ನಿರಪೇಕ್ಷ ಒತ್ತಡ, ಸುತ್ತಲಿನ ಗಾಳಿಯ ಒತ್ತಡವನ್ನೂ ಸೇರಿಸಿ ಎಣಿಸುವ ಲೆಕ್ಕ. ಸಮುದ್ರಮಟ್ಟದಲ್ಲಿ ಸುಮ್ಮನೆ ಕುಳಿತವರು ಆಗಲೇ 1 ಎಟಿಎಯಲ್ಲಿರುತ್ತಾರೆ, ಅಂದರೆ ಚದರ ಇಂಚಿಗೆ 14.7 ಪೌಂಡ್ (ಪಿಎಸ್‌ಐ). ಆದರೆ ಚೇಂಬರ್ ಮೇಲಿನ ಗೇಜ್ ತೋರಿಸುವುದು ಒಳಗಿಗೂ ಹೊರಗಿಗೂ ಇರುವ ವ್ಯತ್ಯಾಸವನ್ನು ಮಾತ್ರ. 1.3 ಎಟಿಎ ಅಂದರೆ ಗೇಜ್‌ನಲ್ಲಿ ಸುಮಾರು 4.4 ಪಿಎಸ್‌ಐ, 1.5 ಅಂದರೆ 7.35, 2.0 ಅಂದರೆ 14.7. ನಾನು ನೋಡಿದ ಒಂದು ಚೀಲದ, ಅಂದರೆ ಗಾಳಿ ತುಂಬುವ ಮೃದು ಚೇಂಬರ್‌ನ, ಮೇಲೆ ದೊಡ್ಡದಾಗಿ 1.3 ಎಂದಿತ್ತು, ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ಮಾತ್ರ 4 ಪಿಎಸ್‌ಐಗೆ ತೆರೆದುಕೊಳ್ಳುತ್ತಿತ್ತು. ಅದು 1.27. ವ್ಯತ್ಯಾಸ ಸಣ್ಣದೇ, ಆದರೂ ಮಾರುವವರು ಅಂಕಿಯನ್ನು ಯಾವ ಕಡೆಗೆ ದುಂಡಗೆ ಮಾಡುತ್ತಾರೆ ಎಂಬುದು ತಿಳಿಯಿತು. ನೀರಿನ ಆಳದಲ್ಲಿ ಹೇಳುವುದಾದರೆ 1.3 ಎಂದರೆ ಸುಮಾರು 3 ಮೀಟರ್, 1.5 ಎಂದರೆ 5 ಮೀಟರ್, 2.0 ಎಂದರೆ 10 ಮೀಟರ್.

ಇನ್ನು ಇದರಿಂದ ಮೈಗೆ ಎಷ್ಟು ಆಮ್ಲಜನಕ ಸಿಗುತ್ತದೆ? ಒತ್ತಡದ ಅಂಕಿಯೊಂದರಿಂದಲೇ ಇದಕ್ಕೆ ಉತ್ತರ ಸಿಗುವುದಿಲ್ಲ. ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಪಾಲು ಎಷ್ಟಿದೆ ಎಂಬುದೂ ಬೇಕು. 1.3 ಎಟಿಎಯಲ್ಲಿ ಮಾಮೂಲಿ ಗಾಳಿ ಉಸಿರಾಡುವುದು, ಹೊರಗೆ ಕುಳಿತು ಸುಮಾರು 27% ಆಮ್ಲಜನಕವಿರುವ ಗಾಳಿ ಉಸಿರಾಡುವುದಕ್ಕೆ ಸಮ. ಆರೋಗ್ಯವಂತರ ಹಿಮೋಗ್ಲೋಬಿನ್ ಆಗಲೇ 97-98% ತುಂಬಿರುತ್ತದೆ, ಅಲ್ಲಿ ಹೆಚ್ಚಿಗೆ ಹಿಡಿಸಲು ಜಾಗವಿಲ್ಲ. ಉಳಿಯುವುದು ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ನೇರವಾಗಿ ಕರಗುವ ಪಾಲು. ಅದು 100 ಮಿಲಿಲೀಟರ್ ರಕ್ತಕ್ಕೆ ಮಾಮೂಲಾಗಿ 0.3 ಮಿಲಿಲೀಟರ್. 1.3ರ ಗಾಳಿಯಲ್ಲಿ ಅದು 0.45ರ ಆಸುಪಾಸಿಗೆ ಏರಬಹುದು. ಅಷ್ಟೇ ರಕ್ತದಲ್ಲಿ ಒಟ್ಟು ಇರುವ ಆಮ್ಲಜನಕವೇ ಸುಮಾರು 20 ಮಿಲಿಲೀಟರ್ ಎಂದ ಮೇಲೆ ಈ ಏರಿಕೆ ಎಷ್ಟರದು ಎಂದು ನೀವೇ ನೋಡಿ. ಅದೇ 2.0 ಎಟಿಎಯಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದರೆ ಕರಗುವುದು 4 ಮಿಲಿಲೀಟರಿಗೂ ಹೆಚ್ಚು. ಇನ್ನೊಂದು ಲೆಕ್ಕ ನನಗೇ ಆಶ್ಚರ್ಯ ತಂದಿತು: ಯಾವ ಚೇಂಬರೂ ಇಲ್ಲದೆ, ಮಾಮೂಲಿ ಒತ್ತಡದಲ್ಲೇ ಬಿಗಿಯಾದ ಮಾಸ್ಕಿನಿಂದ ಶುದ್ಧ ಆಮ್ಲಜನಕ ಉಸಿರಾಡಿದರೆ ಸುಮಾರು 2 ಮಿಲಿಲೀಟರ್ ಕರಗುತ್ತದೆ. 1.3ರ ಗಾಳಿಚೀಲ ಕೊಡುವುದರ ನಾಲ್ಕು ಪಟ್ಟಿಗೂ ಜಾಸ್ತಿ!

ಈ ಲೆಕ್ಕ ಮುಗಿದ ಮೇಲೆ ಮಾರಾಟದ ಕೈಪಿಡಿಗಳನ್ನು ಓದುವ ರೀತಿಯೇ ಬದಲಾಯಿತು. ಎಲ್ಲರೂ ಎತ್ತಿ ತೋರಿಸುವ ಟೆಲೊಮಿಯರ್ (ವಯಸ್ಸಾದಂತೆ ಮೊಟಕಾಗುವ ವರ್ಣತಂತುಗಳ ತುದಿ) ಅಧ್ಯಯನವೊಂದಿದೆ, 2020ರಲ್ಲಿ ಇಸ್ರೇಲಿನಿಂದ ಬಂದದ್ದು. ವಯಸ್ಸನ್ನೇ ಹಿಂದಕ್ಕೆ ತಿರುಗಿಸಿತು ಎಂದು ಸುದ್ದಿಯಾದ ಅಧ್ಯಯನ. ಅದರಲ್ಲಿದ್ದವರು 64 ದಾಟಿದ 35 ಜನ. 2 ಎಟಿಎ, ಮಾಸ್ಕಿನಲ್ಲಿ 100% ಆಮ್ಲಜನಕ, 90 ನಿಮಿಷ, ಪ್ರತಿ 20 ನಿಮಿಷಕ್ಕೊಮ್ಮೆ 5 ನಿಮಿಷ ಮಾಮೂಲಿ ಗಾಳಿಯ ವಿರಾಮ, ಹೀಗೆ 60 ಸಲ. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಆ ಫಲಿತಾಂಶ ಎಷ್ಟು ಗಟ್ಟಿ ಎಂಬ ಚರ್ಚೆ ಒಂದು ಕಡೆ ಇರಲಿ, ಅದನ್ನು ತೋರಿಸಿ 1.3ರ ಗಾಳಿಚೀಲ ಮಾರುವುದಕ್ಕೆ ಏನರ್ಥ? ಸಮುದ್ರದಾಳದ ಮತ್ತು ಅಧಿಕ ಒತ್ತಡದ ವೈದ್ಯಕೀಯಕ್ಕೆ ಅಮೆರಿಕದಲ್ಲಿರುವ ಸಂಘ, ಯುಎಚ್‌ಎಂಎಸ್, ಕನಿಷ್ಠ 1.4 ಎಟಿಎ ಮತ್ತು ಹತ್ತಿರ ಹತ್ತಿರ 100% ಆಮ್ಲಜನಕ ಇಲ್ಲದಿದ್ದರೆ ಅದನ್ನು ಹೈಪರ್‌ಬೇರಿಕ್ ಆಮ್ಲಜನಕ ಚಿಕಿತ್ಸೆ ಎಂದು ಒಪ್ಪುವುದೇ ಇಲ್ಲ. ಆಸ್ಪತ್ರೆಗಳು ಬಳಸುವುದು ಸಾಮಾನ್ಯವಾಗಿ 2ರಿಂದ 3 ಎಟಿಎ.

ಕಡಿಮೆ ಒತ್ತಡದಿಂದ ಏನೂ ಆಗುವುದಿಲ್ಲವೇ ಎಂದರೆ ಅಲ್ಲೊಂದು ಸ್ವಾರಸ್ಯವಿದೆ. ಕೆನಡಾದ ಕ್ವಿಬೆಕ್‌ನಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಚಲನೆಗೆ ಬರುವ ತೊಂದರೆ) ಇರುವ 111 ಮಕ್ಕಳ ಮೇಲೆ ನಡೆದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ 1.75 ಎಟಿಎಯಲ್ಲಿ ಶುದ್ಧ ಆಮ್ಲಜನಕ, ಇನ್ನೊಂದಕ್ಕೆ 1.3ರಲ್ಲಿ ಬರಿಯ ಗಾಳಿ. ಎರಡೂ ಗುಂಪು ಒಂದೇ ರೀತಿ ಸುಧಾರಿಸಿದವು. ತಲೆಗೆ ಪೆಟ್ಟು ಬಿದ್ದು ತೊಂದರೆ ಉಳಿದಿದ್ದ ಅಮೆರಿಕದ 72 ಸೈನಿಕರ ಮೇಲಿನ ಪ್ರಯೋಗ 2015ರಲ್ಲಿ ಬಂತು. 1.5ರಲ್ಲಿ ಆಮ್ಲಜನಕ ಪಡೆದವರೂ 1.2ರಲ್ಲಿ ಬರಿಯ ಗಾಳಿ ಪಡೆದವರೂ ಚೇಂಬರ್‌ಗೆ ಹೋಗದವರಿಗಿಂತ ಚೇತರಿಸಿಕೊಂಡಿದ್ದರು, ಆದರೆ ಆ ಇಬ್ಬರ ನಡುವೆ ವ್ಯತ್ಯಾಸ ಕಾಣಲಿಲ್ಲ. ನೋಡಿ, ಸಣ್ಣ ಒತ್ತಡವೂ ಕೆಲಸ ಮಾಡುತ್ತದೆ ಎಂದು ಮಾರುವವರು ಇದನ್ನು ಓದುತ್ತಾರೆ. ದಿನಕ್ಕೊಂದು ಗಂಟೆ ಫೋನಿಲ್ಲದೆ ಮಲಗುವುದು, ಯಾರೋ ನನ್ನ ಬಗ್ಗೆ ಕಾಳಜಿ ವಹಿಸುತ್ತಿದ್ದಾರೆ ಎಂಬ ನಂಬಿಕೆ, ಇವುಗಳ ಪಾಲೇ ದೊಡ್ಡದು ಎಂದು ನಾನು ಓದುತ್ತೇನೆ. ಎರಡರಲ್ಲಿ ಯಾವುದು ಸರಿಯಾದರೂ ನನ್ನ ತೀರ್ಮಾನ ಬದಲಾಗದು: ನನ್ನಂಥ ಆರೋಗ್ಯವಂತನಿಗೆ 1.3ರಿಂದ 1.5ಕ್ಕೆ ಏರಿದರೆ ಇಂಥದ್ದು ಹೆಚ್ಚಿಗೆ ಸಿಗುತ್ತದೆ ಎಂದು ತೋರಿಸುವ ಆಧಾರ ಕೈಗೆ ಸಿಗಲಿಲ್ಲ. ಏರುವುದಕ್ಕೆ ತೆರಬೇಕಾದದ್ದು ಮಾತ್ರ ಕಣ್ಣೆದುರಿಗಿತ್ತು.

ತೆರಬೇಕಾದದ್ದು ಅಂದರೆ ಹಣವೊಂದೇ ಅಲ್ಲ. 1.3ರಲ್ಲಿ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಒಳಗಿನಿಂದ ಬೀಳುವ ಬಲ ಸುಮಾರು 3 ಟನ್. 1.5ರಲ್ಲಿ 5 ಟನ್, 2.0ರಲ್ಲಿ 10 ಟನ್. ಬಾಯ್ಲರ್ ನೋಡಿಕೊಂಡವನಿಗೆ ಈ ಅಂಕಿ ಬೆನ್ನುಮೂಳೆಯಲ್ಲಿ ಕೂರುತ್ತದೆ. 3 ಟನ್ನಿಗೇ ಚೀಲದ ಜಿಪ್, ಹೊಲಿಗೆ, ಬೆಸುಗೆಗಳನ್ನು ನಾನು ಅನುಮಾನದಿಂದ ನೋಡುತ್ತೇನೆ. 10 ಟನ್ನಿಗೆ ಬಾಗಿಲು, ಕಿಟಕಿಯ ಅಕ್ರಿಲಿಕ್, ಲಾಕ್ ಎಲ್ಲಕ್ಕೂ ಮನುಷ್ಯರು ಕೂರುವ ಒತ್ತಡ ಪಾತ್ರೆಗಳಿಗೆಂದೇ ಇರುವ ಪಿವಿಎಚ್‌ಒ ಮಾನದಂಡದ ದಾಖಲೆ ಬೇಕು, ನಿಗದಿತ ಕಾಲಕ್ಕೆ ತಪಾಸಣೆ ಬೇಕು. ಮಲಗುವ ಕೋಣೆಯಲ್ಲಿ ಅದನ್ನೆಲ್ಲ ಯಾರು ಮಾಡುತ್ತಾರೆ? ಜೊತೆಗೆ 2.0ರಲ್ಲಿ ಶುದ್ಧ ಆಮ್ಲಜನಕ ಎಂದರೆ ಅಪರೂಪಕ್ಕಾದರೂ ಫಿಟ್ಸ್ ಬರುವ ಸಾಧ್ಯತೆ ಇದೆ; ಹೆಚ್ಚಿನ ಒತ್ತಡದ ಆಮ್ಲಜನಕ ನರಮಂಡಲಕ್ಕೆ ವಿಷವಾಗಬಲ್ಲದು ಎಂದು ಫ್ರಾನ್ಸಿನ ಪಾಲ್ ಬರ್ಟ್ 1878ರಲ್ಲೇ ತೋರಿಸಿದ್ದಾರೆ. 2.0 ಬೇಕಾಗುವಂಥ ತೊಂದರೆ ನನಗೆ ಬಂದರೆ, ವೈದ್ಯರು ಪಕ್ಕದಲ್ಲಿರುವ ಆಸ್ಪತ್ರೆಯ ಚೇಂಬರ್‌ಗೇ ಹೋಗಬೇಕು. ಅಲ್ಲಿಗೆ ಆ ಅಂಕಿ ಪಟ್ಟಿಯಿಂದ ಹೊರಗೆ ಹೋಯಿತು.

1.5 ಬಹಳ ದಿನ ಉಳಿದಿತ್ತು. ಅದನ್ನು ಕೈಬಿಡಿಸಿದ್ದು ನನ್ನ ಎಡಗಿವಿ.

ಕೊಳ್ಳುವ ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ, ಎದೆಯ ಎಕ್ಸ್‌ರೇ ಮಾಡಿಸಿ, ಪರಿಚಯದವರೊಬ್ಬರ 1.5ರ ಗಟ್ಟಿ ಚೇಂಬರ್‌ನಲ್ಲಿ ಕುಳಿತು ನೋಡಿದೆ. ಶ್ವಾಸಕೋಶದಲ್ಲಿ ಗಾಳಿಗುಳ್ಳೆ ಇದ್ದವರು, ಶ್ವಾಸಕೋಶ ಕುಸಿದು ಚಿಕಿತ್ಸೆ ಆಗದವರು, ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಅನಿಲ ತುಂಬಿಸಿಕೊಂಡವರು ಒಳಗೆ ಹೋಗಲೇಬಾರದು, ಅದು ಎಷ್ಟೇ ಒತ್ತಡವಿರಲಿ. ನನಗೆ ಅದ್ಯಾವುದೂ ಇರಲಿಲ್ಲ. ಇದ್ದದ್ದು ಅಲರ್ಜಿಯ ಮೂಗು. ಒತ್ತಡ ಏರುವಾಗ ಮಧ್ಯಕಿವಿಯ ಗಾಳಿ ಕುಗ್ಗುತ್ತದೆ: 1.3ರಲ್ಲಿ ಮೊದಲಿನ 77%ಗೆ, 1.5ರಲ್ಲಿ 67%ಗೆ. ಮೂಗಿನ ಹಿಂದಿನ ಸಣ್ಣ ನಳಿಕೆ ತೆರೆದುಕೊಂಡು ಆ ಜಾಗ ತುಂಬಬೇಕು. ಬಲಗಿವಿ ಪಟ್ ಎಂದು ಬಿಟ್ಟುಕೊಳ್ಳುತ್ತಿತ್ತು, ಎಡಗಿವಿ ಕಟ್ಟಿಕೊಂಡು ಕೂತಿತು. ಉಗುಳು ನುಂಗಿದೆ, ದವಡೆ ಆಡಿಸಿದೆ, ಮೂಗು ಹಿಡಿದು ಮೆಲ್ಲಗೆ ಊದಿದೆ. 1.25ರ ಸುತ್ತಮುತ್ತ ಬಿಟ್ಟುಕೊಂಡಿತು, 1.4 ದಾಟುವಾಗ ಮತ್ತೆ ಹಟ. ಸನ್ನೆ ಮಾಡಿ ಒತ್ತಡ ಇಳಿಸಿಸಿಕೊಂಡೆ. ನೋವು ಶುರುವಾದ ಮೇಲೆ ಜೋರಾಗಿ ಊದಿ ತೆರೆಸುವುದು ಒಳಗಿವಿಗೇ ಪೆಟ್ಟು ಕೊಡಬಹುದು. ಸ್ವಲ್ಪ ಕೆಳಗಿಳಿಸಿ ಮತ್ತೆ ಪ್ರಯತ್ನಿಸುವುದೇ ದಾರಿ. ಮಲಗಿದ್ದಾಗಿನದಕ್ಕಿಂತ ಎದ್ದು ಕುಳಿತಾಗ ಕಿವಿ ಸುಲಭವಾಗಿ ಬಿಡುತ್ತದೆ ಎಂಬುದೂ ಅಲ್ಲೇ ತಿಳಿದದ್ದು. ಹಾಗಾಗಿ ನಾನು ಕೊಂಡ 1.3ರ ಚೀಲ ಒಳಗೆ ಕೂರಲು ಎತ್ತರವಿರುವಂಥದ್ದು. ಒತ್ತಡ ಏರುವ ತನಕ ಕೂತಿರುತ್ತೇನೆ, ಆಮೇಲೆ ಒರಗುತ್ತೇನೆ.

ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ, ಕಾನ್ಸಂಟ್ರೇಟರ್, ಬೇಡವೆಂದದ್ದು ಮಾರುವವರಿಗೆ ಅರ್ಥವೇ ಆಗಲಿಲ್ಲ. ಅದಿಲ್ಲದೆ ಏನು ಪ್ರಯೋಜನ ಸಾರ್ ಎಂದರು. ನಾನು ಅವರ ಮುಂದೆಯೇ ಲೆಕ್ಕ ಹಾಕಿದೆ. ಕಂಪ್ರೆಸರ್ ನಿಮಿಷಕ್ಕೆ 60 ಲೀಟರ್ ಗಾಳಿ ತಳ್ಳುತ್ತದೆ, ಅದರಲ್ಲಿ ಆಮ್ಲಜನಕ 21%. ಕಾನ್ಸಂಟ್ರೇಟರ್ 93% ಆಮ್ಲಜನಕವನ್ನು ನಿಮಿಷಕ್ಕೆ 10 ಲೀಟರ್ ಕೊಡುತ್ತದೆ. ಸುಮ್ಮನೆ ಮಲಗಿದವನ ದೇಹ ಬಳಸುವುದು ಕಾಲು ಲೀಟರಿನಷ್ಟು ಮಾತ್ರ, ಉಳಿದದ್ದೆಲ್ಲ ಸಡಿಲ ಮಾಸ್ಕಿನ ಅಂಚಿನಿಂದ ಚೀಲದೊಳಕ್ಕೇ ಬರುತ್ತದೆ. ಕೊನೆಗೆ ಒಳಗಿನ ಗಾಳಿ 31%ರ ಹತ್ತಿರ ನಿಲ್ಲುತ್ತದೆ. 5 ಲೀಟರಿನ ಯಂತ್ರವಾದರೂ 26%. ಅಗ್ನಿಸುರಕ್ಷತೆಯ ಎನ್‌ಎಫ್‌ಪಿಎ 99 ಸಂಹಿತೆ, ಹಲವರು ಕೂರುವ ಚೇಂಬರ್‌ಗಳ ಒಳಗಿನ ಗಾಳಿಗೆ ಇಟ್ಟಿರುವ ಮಿತಿ 23.5%. ಅದನ್ನು ದಾಟಿದರೆ ಬಟ್ಟೆ, ಕೂದಲು, ಚೀಲದ ಒಳಪದರ ಎಲ್ಲವೂ ಬೇಗ ಹೊತ್ತಿಕೊಳ್ಳುತ್ತವೆ, ಒಳಗಿದ್ದವನಿಗೆ ತಕ್ಷಣ ಹೊರಬರುವ ದಾರಿಯಿಲ್ಲ. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಟ್ರಾಯ್‌ನಲ್ಲಿ ಐದು ವರ್ಷದ ಮಗುವೊಂದು ಚೇಂಬರ್ ಬೆಂಕಿಯಲ್ಲಿ ತೀರಿಕೊಂಡಿತು, ಅದೇ ವರ್ಷದ ಜುಲೈನಲ್ಲಿ ಅರಿಜೋನಾದಲ್ಲಿ ವಯಸ್ಕರೊಬ್ಬರು. ಎರಡೂ ಮನೆಯಲ್ಲ, ಚಿಕಿತ್ಸಾ ಕೇಂದ್ರಗಳು. ಬರಿಯ ಗಾಳಿಯ ಚೀಲವಾದರೂ ನಾನು ಹತ್ತಿಯ ಬಟ್ಟೆಯಲ್ಲೇ ಹೋಗುತ್ತೇನೆ, ಫೋನು, ಇಯರ್‌ಬಡ್‌ಗಳು ಹೊರಗೆ.

ಕಂಪ್ರೆಸರ್ ವಿಷಯದಲ್ಲಿ ಕೇಳಬೇಕಾದದ್ದು ಅದು ಖಾಲಿ ಬೀಸುವಾಗಿನ ಹರಿವಲ್ಲ, ಒತ್ತಡ ತುಂಬಿದ ಮೇಲೆ ಉಳಿಯುವ ಹರಿವು. ಇವೆರಡರ ನಡುವೆ ಸಾಕಷ್ಟು ಅಂತರವಿರುತ್ತದೆ. ನಾವು ಬಿಡುವ ಇಂಗಾಲದ ಡೈಆಕ್ಸೈಡನ್ನು ಹೊರಗೆ ತಳ್ಳುವುದು ಆ ಹರಿವೇ. ಎಣ್ಣೆರಹಿತ ಕಂಪ್ರೆಸರ್ ಆಗಿರಲೇಬೇಕು, ಗಾಳಿ ಎಳೆದುಕೊಳ್ಳುವ ಜಾಗ ಅಡುಗೆಮನೆಯ ಹೊಗೆಯಿಂದ, ಗ್ಯಾರೇಜಿನಿಂದ ದೂರವಿರಬೇಕು. ಒತ್ತಿದ ಗಾಳಿ ಬಿಸಿಯಾಗಿ ಬರುವುದರಿಂದ ಸೆಕೆ ಆಗಿಯೇ ಆಗುತ್ತದೆ.

“ರೀ, ಕರೆಂಟ್ ಹೋದರೆ?” ಎಂದು ಕೇಳಿದವಳು ನನ್ನ ಹೆಂಡತಿ. ಒತ್ತಡವಿದ್ದಾಗ ಜಿಪ್ ಬಿಚ್ಚಲಾಗದು, ಆದ್ದರಿಂದ ಒಳಗಿನಿಂದ ತಿರುಗಿಸಬಹುದಾದ ವಾಲ್ವ್ ಇರಲೇಬೇಕು. ಅವಳ ಎದುರಿಗೇ ಕಂಪ್ರೆಸರ್ ನಿಲ್ಲಿಸಿ, ಆ ವಾಲ್ವಿನಿಂದ ನಾನೇ ಹೊರಗೆ ಬಂದು ತೋರಿಸಿದ ಮೇಲೆ ಒಪ್ಪಿದಳು. ವೇಗವಾಗಿ ಬಿಟ್ಟಾಗ ಒಳಗೆಲ್ಲ ಮಂಜು ಕವಿಯುತ್ತದೆ; ಗಾಳಿ ಹಿಗ್ಗಿ ತಣ್ಣಗಾಗುವುದರಿಂದ ಹಾಗೆ, ಹೆದರಬೇಕಿಲ್ಲ. ಹೆದರಬೇಕಾದದ್ದು ಆ ಹೊತ್ತಿನಲ್ಲಿ ಉಸಿರು ಹಿಡಿದರೆ. ಒತ್ತಡ ಇಳಿಯುವಾಗ ಶ್ವಾಸಕೋಶದಲ್ಲಿ ಗಾಳಿ ಕಟ್ಟಿಹಾಕಿದರೆ 1.3ರಲ್ಲಿಯೂ ಅಪಾಯವೇ.

ಎತ್ತರದ ಊರಿನಲ್ಲಿರುವ ಗೆಳೆಯನೊಬ್ಬ ನಿನ್ನದೇ ಮಾದರಿ ಕೊಳ್ಳುತ್ತೇನೆ ಎಂದ. ಬೇಡ, ಮೊದಲು ಲೆಕ್ಕ ಹಾಕು ಎಂದೆ. ಅವನಿರುವುದು ಸಮುದ್ರಮಟ್ಟದಿಂದ 2000 ಮೀಟರ್ ಮೇಲೆ, ಅಲ್ಲಿ ಸುತ್ತಲಿನ ಒತ್ತಡವೇ ಸುಮಾರು 0.78 ಎಟಿಎ. ರಿಲೀಫ್ ವಾಲ್ವ್ ನೋಡುವುದು ವ್ಯತ್ಯಾಸವನ್ನು ಮಾತ್ರ, ಹಾಗಾಗಿ 1.3ರ ಚೀಲ ಅವನ ಮನೆಯಲ್ಲಿ 1.08ಕ್ಕೇ ನಿಲ್ಲುತ್ತದೆ. ಸಮುದ್ರದ ದಡಕ್ಕೆ ಹೋಗಿ ಕುಳಿತದ್ದಕ್ಕಿಂತ ಒಂದಿಷ್ಟೇ ಹೆಚ್ಚು. ನನಗೆ ಸಿಗುವ 1.3 ಅವನಿಗೆ ಸಿಗಬೇಕಾದರೆ 1.5ರ ಗಟ್ಟಿ ಚೇಂಬರ್ ಬೇಕು, ಅದರ 5 ಟನ್ ಬಲದ ಸಮೇತ. ಕಿವಿಗಂತೂ ಇನ್ನೂ ಕಷ್ಟ: 0.78ರಿಂದ 1.28ಕ್ಕೆ ಏರುವಾಗ ಮಧ್ಯಕಿವಿಯ ಗಾಳಿ ಮೊದಲಿನ 61%ಗೆ ಕುಗ್ಗುತ್ತದೆ, ನಾನು ಸೋತು ಇಳಿದ 1.5ಕ್ಕಿಂತಲೂ ಹೆಚ್ಚು. ಅಂಥ ಎತ್ತರದ ಊರುಗಳಿಗೆ ಗಾಳಿಚೀಲ ಹೊಸದೇನಲ್ಲ. ಪರ್ವತಾರೋಹಿಗಳು ಒಯ್ಯುವ ಗ್ಯಾಮೋ ಚೀಲ ಬರಿಯ 2 ಪಿಎಸ್‌ಐ ಏರಿಸಿ, ರೋಗಿಯನ್ನು ಸಾವಿರಾರು ಅಡಿ ಕೆಳಗಿಳಿಸಿದಷ್ಟು ಉಪಕಾರ ಮಾಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗೆಯ ಮೃದು ಚೀಲಗಳಿಗೆ ಒಪ್ಪಿಗೆ ಕೊಟ್ಟಿರುವುದೂ ಎತ್ತರದ ಕಾಯಿಲೆಗೇ. ಗೆಳೆಯ ಸದ್ಯ ಕಿವಿ ವೈದ್ಯರ ಬಳಿ ಹೋಗಿ ಬಂದಿದ್ದಾನೆ, 1.5ರ ಚೇಂಬರ್‌ನ ಒತ್ತಡ ಪರೀಕ್ಷೆಯ ದಾಖಲೆಗಾಗಿ ತಯಾರಕರಿಗೆ ಬರೆದು ಕಾಯುತ್ತಿದ್ದಾನೆ.